ಮರಿ ಹಾವು ಊಟ ಬಿಟ್ಟರೆ ನಿಟ್ಟೂರಿನ ಹುಡುಗ ಯಾರ ಹತ್ರ ಹೋಗ್ಬೇಕು?

ನಿಟ್ಟೂರು: "ಅಣ್ಣ, ಇವತ್ತಿಗೆ 26 ದಿನ ಆಯ್ತು. ಏನ್ ಕೊಟ್ರೂ ಮೂಸ್ತಾನೂ ಇಲ್ಲ ಕಣಣ್ಣ."

ಹೋದ ತಿಂಗಳು ರಾತ್ರಿ ಹತ್ತೂವರೆಗೆ ಬಂದ ವಾಟ್ಸಾಪ್ ಮೆಸೇಜ್ ಇದು. ಜೊತೆಗೊಂದು ಫೋಟೋ. ಮೊದಲಿಗೆ ನಾನು ಯಾವುದೋ ನಾಯಿಮರಿ ವಿಷಯ ಅಂದ್ಕೊಂಡೆ. ಫೋಟೋ ತೆಗೆದು ನೋಡಿದ್ರೆ ಮೀನು ಸಾಕೋ ಗಾಜಿನ ತೊಟ್ಟಿ, ಅದರ ಮೂಲೆಯಲ್ಲಿ ಕಂದು ಬಣ್ಣದ, ಕಪ್ಪು ಮಚ್ಚೆಯ ಒಂದು ಮರಿ ಹಾವು ಚೆಂಡಿನ ಥರ ಸುತ್ತಿಕೊಂಡು ಕೂತಿದೆ.

ಬಾಲ್ ಪೈಥಾನ್. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆಯ ಸಣ್ಣ ಜಾತಿಯ ಹೆಬ್ಬಾವು. ಹೆದರಿದಾಗ ತಲೆಯನ್ನ ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತೆ, ಅದಕ್ಕೇ ಆ ಹೆಸರು. ವಿಷ ಇಲ್ಲ. ನಿಟ್ಟೂರಿನ ತೆಂಗಿನ ತೋಟದ ಮಧ್ಯದ ಮನೆಗೆ ಅದು ಬಂದಿದ್ದು ಬೆಂಗಳೂರಿನಿಂದ ಪ್ರೈವೇಟ್ ಬಸ್ಸಿನ ಪಾರ್ಸಲ್‌ನಲ್ಲಿ, ತೂತು ಹಾಕಿದ ಥರ್ಮೋಕೋಲ್ ಡಬ್ಬಿಯೊಳಗೆ. ಹುಡುಗನಿಗೆ 19 ವರ್ಷ. ಹೆಸರು ಹಾಕಬೇಡಿ ಅಂದ, ಹಾಕ್ತಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದವನಿಗೆ ಕೊಟ್ಟ ದುಡ್ಡು ಎಷ್ಟು ಅಂತ ಹೇಳೋಕೂ ಅವನಿಗೆ ಮುಜುಗರ. ಸೆಕೆಂಡ್ ಹ್ಯಾಂಡ್ ಬೈಕಿಗೆ ಅಡ್ವಾನ್ಸ್ ಆಗೋಷ್ಟು ಅಂತ ಮಾತ್ರ ಹೇಳಿದ.

ಮಾರನೇ ದಿನ ಹೋಗಿ ನೋಡಿದೆ. ಅಷ್ಟೊತ್ತಿಗೆ ಆ ಮರಿಯ ಮೇಲೆ ಎಲ್ಲಾ ಪ್ರಯೋಗ ಮುಗಿದಿತ್ತು. ಚಿಕನ್ ಅಂಗಡಿಯಿಂದ ತಂದ ಮಾಂಸದ ಚೂರು ಇಟ್ಟಿದ್ದಾರೆ. ಕೋಳಿ ಮೊಟ್ಟೆ ಇಟ್ಟಿದ್ದಾರೆ, ಅದು ಹಾವಿನ ತಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಗೋಡೆ ಮೇಲಿನ ಹಲ್ಲಿ ಹಿಡಿದು ಬಿಟ್ಟಿದ್ದಾರೆ. ಕೊನೆಗೆ ಅಜ್ಜಿ "ನಾಗಪ್ಪ ಹಾಲು ಕುಡೀದೆ ಇರ್ತಾನೇನ್ಲಾ" ಅಂತ ಸ್ಟೀಲ್ ಬಟ್ಟಲಲ್ಲಿ ಹಾಲಿಟ್ಟಿದ್ದಾರೆ. ಅದನ್ನ ಬೆಕ್ಕು ಕುಡಿದಿದೆ.

ಇದನ್ನ ಓದಿ ನಗೋರು ನಗಲಿ. ಇದು ಒಬ್ಬ ಹುಡುಗನ ಶೋಕಿ ಕಥೆ ಅಂತ ನಾನೂ ಬಿಟ್ಟುಬಿಡಬಹುದಿತ್ತು. ಆದ್ರೆ ಈ ಹಾವು ಯಾಕೆ ತಿಂತಿಲ್ಲ ಅಂತ ಹುಡುಕ್ತಾ ಹೋದ್ರೆ ಉತ್ತರ ಗಾಜಿನ ತೊಟ್ಟಿಯಲ್ಲಿ ಅರ್ಧ, ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಅರ್ಧ ಸಿಗುತ್ತೆ.

2023ರ ಜನವರಿಯಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಟ್ರಾಲಿ ಬ್ಯಾಗ್‌ಗಳಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರಿಗೆ 18 ಪ್ರಾಣಿ ಸಿಕ್ಕವು. ಅದರಲ್ಲಿ 14 ಸರೀಸೃಪಗಳು. ಅದರ ಜಾಡು ಹಿಡಿದು ಒಂದು ಫಾರ್ಮ್‌ಹೌಸ್‌ಗೆ ಹೋದ್ರೆ ಅಲ್ಲಿ 48 ಜಾತಿಯ 139 ಪ್ರಾಣಿ. ಅನಕೊಂಡ, ಇಗ್ವಾನ, ಬಾಲ್ ಪೈಥಾನ್ ಎಲ್ಲಾ ಇದ್ದವು. ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಬ್ಬ ಪ್ರಯಾಣಿಕನ ಬ್ಯಾಗಿನಲ್ಲಿ 234 ಪ್ರಾಣಿ, ಅದರಲ್ಲೊಂದು ಉಸಿರುಗಟ್ಟಿ ಸತ್ತ ಕಾಂಗರೂ ಮರಿ. 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡ. ಇವು ಸಿಕ್ಕಿಬಿದ್ದವು. ಸಿಕ್ಕಿಬೀಳದೆ ದಾಟಿದ್ದು ಎಷ್ಟೋ.

ಬ್ಯಾಗಿನಲ್ಲಿ ಬರೋದು ಮರಿಗಳೇ. ದೊಡ್ಡ ಹಾವನ್ನ ಬಟ್ಟೆ ಮಧ್ಯೆ ಬಚ್ಚಿಡೋಕಾಗಲ್ಲ. ಇಲ್ಲೇ ಮನೆಯಲ್ಲಿ ಮರಿ ಮಾಡಿಸಿ ಮಾರೋರಿಗೂ ಬೇಗ ಕೈ ಬಿಟ್ಟರೆ ಲಾಭ. ಹಾವಿನ ಮರಿ ಮೊಟ್ಟೆಯಿಂದ ಹೊರಗೆ ಬಂದಾಗ ಹೊಟ್ಟೆಯಲ್ಲಿ ಇನ್ನೂ ಹಳದಿ ಭಾಗದ ಉಳಿಕೆ ಇರುತ್ತೆ. ಅದರ ಮೇಲೆ ಒಂದೆರಡು ವಾರ ಆರಾಮಾಗಿ ಕಳೆಯುತ್ತೆ. ಆಮೇಲೆ ಮೊದಲ ಪೊರೆ ಬಿಡುತ್ತೆ, ಪೊರೆ ಬಿಟ್ಟ ಮೇಲೆಯೇ ಅದಕ್ಕೆ ಹಸಿವು. ಜವಾಬ್ದಾರಿ ಇರೋ ಸಾಕಣೆದಾರರು ಮರಿ ಮೂರ್ನಾಲ್ಕು ಸಲ ತಾನಾಗೇ ತಿಂದ ಮೇಲೆ, ತಿಂದ ತಾರೀಖು ಬರೆದು, ಆಮೇಲೆ ಕೊಡ್ತಾರೆ. ನಮ್ಮ ಹುಡುಗನಿಗೆ ಬಂದ ಮರಿ ಒಂದು ಸಲನಾದ್ರೂ ತಿಂದಿತ್ತಾ ಅಂತ ಕೇಳಿದ್ರೆ ಅವನಿಗೆ ಗೊತ್ತಿಲ್ಲ. ಕೇಳಿಯೇ ಇರಲಿಲ್ಲ. ಮಾರಿದವನು "ಎಲ್ಲಾ ತಿನ್ನುತ್ತೆ ಬ್ರೋ" ಅಂದಿದ್ನಂತೆ.

ನಮ್ಮ ಕಡೆ ಹಾವು ಹಿಡಿಯೋರಿಗೆ ಈ ವಿಷಯ ಮೊದಲಿಂದ ಗೊತ್ತು. ತೋಟದಲ್ಲಿ, ತಿಪ್ಪೆಯಲ್ಲಿ ನಾಗರಹಾವಿನದೋ ಕೇರೆಹಾವಿನದೋ ಮೊಟ್ಟೆ ಸಿಕ್ಕರೆ ಮರಳು ತುಂಬಿದ ಡಬ್ಬದಲ್ಲಿಟ್ಟು ಮರಿ ಮಾಡಿಸ್ತಾರೆ. ಆದ್ರೆ ಆ ಮರಿಗಳಿಗೆ ಊಟ ಹಾಕೋಕೆ ಹೋಗಲ್ಲ. ಸೀದಾ ಕಾಡಂಚಿಗೆ ಬಿಡ್ತಾರೆ. ತನ್ನ ಮೊದಲ ಬೇಟೆ ತಾನೇ ಹುಡುಕಿಕೊಳ್ಳುತ್ತೆ. ಸಾಕಿದ ಹಾವಿಗೆ ಆ ದಾರಿ ಇಲ್ಲ. ಏನು, ಯಾವಾಗ, ಎಷ್ಟು ಬಿಸಿ ಇರೋದು ಸಿಗುತ್ತೆ ಅನ್ನೋದೆಲ್ಲಾ ಸಾಕಿದವನ ಕೈಯಲ್ಲಿ.

ನಾನು ಬೆಂಗಳೂರಿನಲ್ಲಿ ಸರೀಸೃಪಗಳಿಗೆ ಚಿಕಿತ್ಸೆ ಕೊಡೋ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿ, ಆ ತೊಟ್ಟಿಯ ಫೋಟೋ ಕಳಿಸಿದೆ. ಅವರು ಮೊದಲು ಕೇಳಿದ್ದು ಏನು ತಿನ್ನಿಸ್ತಿದೀರಿ ಅಂತ ಅಲ್ಲ. "ರಾತ್ರಿ ಆ ರೂಮಲ್ಲಿ ಎಷ್ಟು ಚಳಿ ಇರುತ್ತೆ?" ಅಂತ.

ಧನುರ್ಮಾಸದಲ್ಲಿ ನಮ್ಮೂರಿನ ಚಳಿ ಗೊತ್ತಲ್ಲ. ಶೀಟಿನ ಮನೆಯಲ್ಲಿ ಬೆಳಗಿನ ಜಾವ ಕಂಬಳಿ ಬಿಟ್ಟು ಕೈ ತೆಗೆಯೋಕಾಗಲ್ಲ. ಹಾವಿಗೆ ನಮ್ಮ ಥರ ಒಳಗಿನ ಬಿಸಿ ಇಲ್ಲ, ಹೊರಗಿನ ಶಾಖದಿಂದಲೇ ಅದರ ಹೊಟ್ಟೆ ಕೆಲಸ ಮಾಡಬೇಕು. ಬಾಲ್ ಪೈಥಾನ್ ಇರೋ ಡಬ್ಬಿಯ ಒಂದು ತುದಿ 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25–27 ಡಿಗ್ರಿ ಇರಬೇಕು. ಅದಕ್ಕಿಂತ ತಣ್ಣಗಿದ್ರೆ ತಿಂದಿದ್ದು ಜೀರ್ಣ ಆಗಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತೆ, ವಾಂತಿ ಮಾಡುತ್ತೆ. ಆದ್ದರಿಂದ ಚಳಿಯಲ್ಲಿ ತಿನ್ನದೆ ಇರೋದು ಹಾವಿನ ಹಟ ಅಲ್ಲ, ಅದರ ಬುದ್ಧಿ.

ಇನ್ನೊಂದು, ಆ ತೊಟ್ಟಿ. ನಾಲ್ಕೂ ಕಡೆ ಗಾಜು, ಪಕ್ಕದಲ್ಲಿ ಟಿವಿ, ಬಂದೋರೆಲ್ಲಾ ಬಗ್ಗಿ ನೋಡೋದು, ಕೈಗೆ ತಗೊಂಡು ರೀಲ್ಸ್ ಮಾಡೋದು. ಈ ಹಾವು ಆಫ್ರಿಕಾದಲ್ಲಿ ಹಗಲೆಲ್ಲಾ ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಮುದುರಿಕೊಂಡಿರೋ ಪ್ರಾಣಿ. ಒಂದಡಿಗಿಂತ ಸ್ವಲ್ಪ ಉದ್ದ, 50–60 ಗ್ರಾಂ ತೂಕದ ಮರಿಗೆ ಹದ್ದು, ಮುಂಗುಸಿ, ಹಕ್ಕಿ ಎಲ್ಲವೂ ಶತ್ರು. ಅದರ ಕಣ್ಣಲ್ಲಿ ಆ ಗಾಜಿನ ತೊಟ್ಟಿ ಬಟಾಬಯಲು. ಬಯಲಲ್ಲಿ ಕೂತು ಊಟ ಮಾಡೋ ಧೈರ್ಯ ಯಾವ ಮರಿಗೂ ಬರಲ್ಲ.

ವೈದ್ಯರು ಹೇಳಿದ್ದನ್ನ ಹುಡುಗನಿಗೆ ದಾಟಿಸಿದೆ. ಇಲ್ಲಿ ಸ್ವಲ್ಪ ವಿವರವಾಗಿ ಬರೀತೀನಿ. ಇಂಥ ಮರಿ ಈಗಾಗಲೇ ಮನೆಯಲ್ಲಿ ಇಟ್ಕೊಂಡು, ಯಾರಿಗೂ ಹೇಳಲಾಗದೆ ಕೂತಿರೋರು ನಮ್ಮ ತಾಲ್ಲೂಕಲ್ಲಿ ಇನ್ನೂ ಇರಬಹುದು.

ಮೊದಲು ತೊಟ್ಟಿ ತೆಗೆದು, ಮುಚ್ಚಳ ಇರೋ, ಗಾಳಿ ತೂತು ಇರೋ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ವಿ. ದೊಡ್ಡ ಜಾಗ ಕೊಟ್ಟರೆ ಖುಷಿ ಅನ್ನೋದು ನಮ್ಮ ಲೆಕ್ಕ, ಮರಿ ಹಾವಿನದಲ್ಲ. ಕೆಳಗೆ ಹಾಸೋಕೆ ತೆಂಗಿನ ನಾರಿನ ಪುಡಿ. ಪೇಟೆಯ ಅಂಗಡಿಗಳಲ್ಲಿ ಕೊಕೊಪಿಟ್ ಅಂತ ಇಟ್ಟಿಗೆ ಲೆಕ್ಕದಲ್ಲಿ ಮಾರೋದು ಇದನ್ನೇ. ನಮ್ಮ ಗುಬ್ಬಿ, ತಿಪಟೂರು ಕಡೆ ನಾರಿನ ಮಿಲ್ಲಿನ ಪಕ್ಕ ರಾಶಿ ಬಿದ್ದಿರುತ್ತೆ. ಸ್ವಲ್ಪ ತೇವ ಇರಲಿ, ನೀರು ತೊಟ್ಟಿಕ್ಕೋದು ಬೇಡ. ಅಡಗೋಕೆ ಎರಡು ತೆಂಗಿನ ಚಿಪ್ಪು, ಬಾಗಿಲಿನಂತೆ ಅಂಚು ಒಡೆದು, ಒಂದು ಬಿಸಿ ತುದಿಯಲ್ಲಿ, ಒಂದು ತಣ್ಣನೆ ತುದಿಯಲ್ಲಿ ಬೋರಲು ಹಾಕಿದ್ವಿ. ಚಿಪ್ಪು ಮೈಗೆ ತಾಗುವಷ್ಟು ಇಕ್ಕಟ್ಟಾಗಿದ್ರೇ ಒಳ್ಳೇದು. ಒಂದು ಸಣ್ಣ ಬಟ್ಟಲಲ್ಲಿ ನೀರು.

ಶಾಖಕ್ಕೆ ಕೋಳಿ ಪಿಳ್ಳೆಗೆ ಹಾಕೋ ಥರ ಡಬ್ಬಿಯೊಳಗೆ ಬಲ್ಬ್ ನೇತುಹಾಕ್ತೀನಿ ಅಂದ ಹುಡುಗ. ಬೇಡ. ಹಾವು ಬಲ್ಬಿಗೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತೆ, ರಾತ್ರಿಯೆಲ್ಲಾ ಬೆಳಕಿದ್ರೆ ಹೊರಗೂ ಬರಲ್ಲ. ಡಬ್ಬಿಯ ಹೊರಗೆ, ತಳದ ಮೂರನೇ ಒಂದು ಭಾಗಕ್ಕೆ ಮಾತ್ರ ಹೀಟ್ ಮ್ಯಾಟ್, ಅದಕ್ಕೆ ಕಡ್ಡಾಯವಾಗಿ ಥರ್ಮೋಸ್ಟಾಟ್. ಕರೆಂಟ್ ಹೋಗೋ ರಾತ್ರಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಹೊರಗೆ ಒತ್ತಿ ಇಡೋದು. ನಮ್ಮ ಕಡೆ ಕರೆಂಟಿನ ಕಥೆ ನಾನು ಹೇಳಬೇಕಾಗಿಲ್ಲ.

ಆಮೇಲೆ ಅತಿ ಕಷ್ಟದ ಕೆಲಸ: ಸುಮ್ಮನಿರೋದು. ಒಂದು ವಾರ ಮುಟ್ಟಬಾರದು, ಮುಚ್ಚಳ ತೆಗೆದು ನೋಡಬಾರದು, ಊಟ ಇಡಬಾರದು. ದಿನಾ ದಿನಾ ಊಟ ತೋರಿಸಿದ್ರೆ ಹಾವು ಅದನ್ನ ಊಟ ಅಂತ ಅಲ್ಲ, ಕಾಟ ಅಂತ ನೋಡುತ್ತೆ. ನೀರು ಬದಲಾಯಿಸೋಕೆ ಮಾತ್ರ ಕೈ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬಿ ಸಮೇತ ತೂಕ ಹಾಕಿ, ಡಬ್ಬಿಯ ತೂಕ ಕಳೆದು ಬರ್ಕೊಳ್ಳೋದು. ಮರಿಯ ತೂಕ ಮೊದಲಿಗಿಂತ ನೂರಕ್ಕೆ ಹತ್ತು ಭಾಗ ಇಳಿದ್ರೆ ಕಾಯಬಾರದು, ವೈದ್ಯರೇ ನೋಡಬೇಕು. ಬಾಯಲ್ಲಿ ಜೊಲ್ಲು, ಉಸಿರಾಡುವಾಗ ಸೀಟಿ ಶಬ್ದ, ಬಾಯಿ ತೆರೆದುಕೊಂಡೇ ಇರೋದು ಕಂಡ್ರೂ ಅಷ್ಟೇ. ಕಣ್ಣು ನೀಲಿ ಮಸುಕಾಗಿದ್ರೆ ಮಾತ್ರ ಹೆದರೋದು ಬೇಡ, ಅದು ಪೊರೆ ಬಿಡೋ ಹೊತ್ತು. ಆಗ ಹೇಗೂ ತಿನ್ನಲ್ಲ.

ಊಟ ಅಂದ್ರೆ ಇಲಿ. ಚಿಕನ್ ಚೂರಿನಲ್ಲಿ ಮೂಳೆ, ಕರುಳು, ಯಕೃತ್ತು ಇಲ್ಲ, ಬರೀ ಮಾಂಸದಿಂದ ಮರಿ ಬೆಳೆಯಲ್ಲ. ಆದ್ರೆ ನಮ್ಮ ಕೊಬ್ಬರಿ ಅಟ್ಟದ ಇಲಿ ಬೇಡವೇ ಬೇಡ. ಅದು ಯಾರ ಮನೆಯ ಇಲಿ ಪಾಷಾಣ ತಿಂದು ಬಂದಿದೆಯೋ ಗೊತ್ತಿಲ್ಲ, ಆ ಪಾಷಾಣ ಹಾವಿಗೂ ಹೋಗುತ್ತೆ. ಹಿಡಿಯೋಕೆ ಹೋದೋರಿಗೆ ಇಲಿ ಜ್ವರದ ಭಯ ಬೇರೆ. ಮನೆ ಹಲ್ಲಿಯಲ್ಲಿ ಹೊಟ್ಟೆ ಹುಳ. ಜಾತ್ರೆಯಲ್ಲಿ ಮಾರೋ ಬಣ್ಣ ಹಾಕಿದ ಕೋಳಿ ಪಿಳ್ಳೆಯೂ ಬೇಡ. ಸಾಕಿ ಬೆಳೆಸಿದ ಬಿಳಿ ಇಲಿಮರಿಯೇ ಆಗಬೇಕು. ಅದರ ದಪ್ಪ ಹಾವಿನ ಮೈಯ ದಪ್ಪ ಭಾಗಕ್ಕಿಂತ ಹೆಚ್ಚಿರಬಾರದು. ವಾರಕ್ಕೊಂದು.

ಹೆಬ್ಬಾವು ಜಾತಿಯ ಈ ಹಾವಿಗೆ ಮೇಲ್ದುಟಿಯ ಅಂಚಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಕತ್ತಲಲ್ಲಿ ಬಿಸಿ ರಕ್ತದ ಪ್ರಾಣಿ ಎಲ್ಲಿದೆ ಅಂತ ಅದರಿಂದಲೇ ತಿಳಿಯುತ್ತೆ. ಅಂದ್ರೆ ಫ್ರಿಡ್ಜಿನಿಂದ ತೆಗೆದ ತಣ್ಣನೆ ಮಾಂಸ ಅದರ ಪಾಲಿಗೆ ಕಲ್ಲಿನ ಚೂರು. ಸತ್ತ ಇಲಿ ಕೊಡೋದಾದ್ರೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಿಸಿನೀರಿನಲ್ಲಿ ಮುಳುಗಿಸಿ, ತಲೆ ಭಾಗ ಕೈಗೆ ಬೆಚ್ಚಗೆ ಅನ್ನಿಸೋ ಹಾಗೆ ಮಾಡಬೇಕು. ರಾತ್ರಿ ಲೈಟ್ ಆರಿಸಿ, ಉದ್ದನೆ ಚಿಮುಟದಲ್ಲಿ ಹಿಡಿದು ಚಿಪ್ಪಿನ ಬಾಗಿಲ ಹತ್ರ ಮೆಲ್ಲಗೆ ಅಲ್ಲಾಡಿಸೋದು. ಮುಖಕ್ಕೆ ತಿವಿಯೋದಲ್ಲ. ಹಿಡೀಲಿಲ್ಲ ಅಂದ್ರೆ ಅಲ್ಲೇ ಇಟ್ಟು, ಡಬ್ಬಿ ಮೇಲೆ ಬಟ್ಟೆ ಮುಚ್ಚಿ ಹೋಗಿಬಿಡೋದು. ಬೆಳಿಗ್ಗೆವರೆಗೂ ಹಾಗೇ ಇದ್ರೆ ತೆಗೆದು ಹೂಳಿ, ಮತ್ತೆ ಐದಾರು ದಿನ ಅದರ ತಂಟೆಗೆ ಹೋಗಬಾರದು.

ಇನ್ನೂ ಒಲ್ಲೆ ಅನ್ನೋ ಮರಿಗಳಿಗೆ ವಾಸನೆ ಬದಲಾಯಿಸೋ ಉಪಾಯ ಇದೆ. ಕೋಳಿ ಪಿಳ್ಳೆಯ ತುಪ್ಪಳಕ್ಕೆ ಇಲಿಯನ್ನ ಒರೆಸಿ ಕೊಡೋದು. ಕಾಡಿನಲ್ಲಿ ಈ ಹಾವು ಹಕ್ಕಿಯನ್ನೂ ತಿನ್ನೋದ್ರಿಂದ ಕೆಲವೊಮ್ಮೆ ಇದು ನಡೆಯುತ್ತೆ. ಅಮೆರಿಕದ ಕಾರ್ನ್ ಸ್ನೇಕ್ ಮರಿಗಳಾದ್ರೆ ಹಲ್ಲಿ ವಾಸನೆಗೆ ಬಾಯಿ ಬಿಡ್ತವೆ, ಅವು ಹುಟ್ಟಿದ ಕಡೆ ಚಿಕ್ಕಂದಿನಲ್ಲಿ ತಿನ್ನೋದೇ ಹಲ್ಲಿ, ಕಪ್ಪೆ. ಎಲ್ಲಾ ಹಾವಿಗೂ ಒಂದೇ ಊಟ ಅನ್ನೋದು ತಪ್ಪು. ನಮ್ಮ ನೀರುಹಾವು ಮೀನು ತಿನ್ನುತ್ತೆ, ಮಲೆನಾಡಿನ ಕಾಳಿಂಗ ಸರ್ಪ ಬೇರೆ ಹಾವನ್ನೇ ತಿನ್ನುತ್ತೆ.

ಮೊದಲ ಊಟಕ್ಕೆ ಕೆಲವು ಮರಿ ಜೀವಂತ ಇಲಿಮರಿಯನ್ನೇ ಬಯಸ್ತವೆ ಅಂದ್ರು ವೈದ್ಯರು. ಇದನ್ನ ಬರೆಯೋಕೆ ನನಗೂ ಮುಜುಗರ. ಆದ್ರೆ ಹಾವು ಸಾಕ್ತೀನಿ ಅನ್ನೋನು ಕೊಳ್ಳೋ ಮುಂಚೆ ಯೋಚಿಸಬೇಕಾದ ಮಾತು ಇದೇ. ಬೆಳೆದ ಇಲಿಯನ್ನ ಜೀವಂತ ಬಿಟ್ಟು ಹೋಗೋದಂತೂ ಮಾಡಲೇಬಾರದು. ತಿನ್ನದ ಹಾವನ್ನ ಇಲಿಯೇ ಕಚ್ಚಿ ಕಚ್ಚಿ ಗಾಯ ಮಾಡುತ್ತೆ.

ಬಾಯಿ ಬಿಡಿಸಿ ತುರುಕೋದು ಕೊನೆಯ ದಾರಿ, ಅದೂ ವೈದ್ಯರ ಕೈಯಲ್ಲಿ. ಯೂಟ್ಯೂಬ್ ನೋಡಿ ಮಾಡಿದ್ರೆ ಅನ್ನನಾಳ ಹರಿಯುತ್ತೆ. ಹಾಲಿನ ಮಾತು ಎಷ್ಟು ಸಲ ಹೇಳಿದ್ರೂ ಮುಗಿಯಲ್ಲ. ನಾಗರ ಪಂಚಮಿಗೆ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯೋದು ದಿನಗಟ್ಟಲೆ ನೀರಿಲ್ಲದೆ ಒಣಗಿಸಿರೋದ್ರಿಂದ. ಅದಕ್ಕೆ ಹಾಲು ಅರಗಲ್ಲ. ಅಜ್ಜಿಗೆ ಇದನ್ನ ಹೇಳಿದೆ. "ಹುತ್ತಕ್ಕೆ ಹುಯ್ಯೋದು ಬೇರೆ ಕಣಪ್ಪ, ಅದು ಭಕ್ತಿ" ಅಂದ್ರು. ಸರಿ, ಅದಕ್ಕೆ ನಾನೇನೂ ಹೇಳಲಿಲ್ಲ.

ಇಲ್ಲಿವರೆಗಿನದು ಡಬ್ಬಿಯ ಒಳಗಿನ ವಿಷಯ. ಈಗ ಹೊರಗಿನದು.

ಹುಡುಗ ಪಶು ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂತ ಕೇಳಿದೆ. "ಹೋದ್ರೆ ಫಾರೆಸ್ಟ್‌ನೋರಿಗೆ ಹೇಳ್ತಾರೆ, ಅವರು ಕೇಸ್ ಹಾಕ್ತಾರೆ" ಅಂದ. ಅವನ ಭಯ ಸುಳ್ಳಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಇರೋ, ಅಂದ್ರೆ ಸೈಟಿಸ್ ಪಟ್ಟಿಯಲ್ಲಿರೋ ವಿದೇಶಿ ಪ್ರಾಣಿಗಳು ಈಗ ಆ ಕಾಯ್ದೆಯ 4ನೇ ಅನುಸೂಚಿಗೆ ಬಂದಿವೆ. ಬಾಲ್ ಪೈಥಾನ್ ಅದರಲ್ಲಿದೆ. ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ, ಆದ್ದರಿಂದ ಈ ನೋಂದಣಿ ಅದಕ್ಕಿಲ್ಲ. ಹಾವು ಮಾರೋರು ಈ ವ್ಯತ್ಯಾಸ ಹೇಳಲ್ಲ.

2024ರ ಫೆಬ್ರವರಿ 28ರಂದು ಕೇಂದ್ರ ಸರ್ಕಾರ ನೋಂದಣಿ ನಿಯಮ ಹೊರಡಿಸಿತು. ಆಗಲೇ ಇಟ್ಟುಕೊಂಡಿರೋರು ಆರು ತಿಂಗಳೊಳಗೆ, ಅಂದ್ರೆ ಆ ಆಗಸ್ಟ್ 28ರೊಳಗೆ, ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಅದಾದ ಮೇಲೆ ಪ್ರಾಣಿ ಕೈಗೆ ಬಂದ್ರೆ 30 ದಿನದೊಳಗೆ. ಅರ್ಜಿ ಹೋಗೋದು ಬೆಂಗಳೂರಿನ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಮರಿ ಹಾಕಿದ್ರೂ, ಸತ್ರೂ ತಿಳಿಸಬೇಕು. ಕಾಯ್ದೆ ಮುರಿದ್ರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ನಿಯಮ ಸರಿಯಾಗಿಯೇ ಇದೆ ಅಂತ ನನ್ನ ಅಭಿಪ್ರಾಯ. ಎಲ್ಲಿ ಯಾವ ಹಾವಿದೆ ಅಂತ ಲೆಕ್ಕ ಇರಲೇಬೇಕು. ತೊಂದರೆ ಇರೋದು ಬೇರೆ ಕಡೆ. ಹುಡುಗ ನನಗೆ ಮೆಸೇಜ್ ಮಾಡಿದ ದಿನಕ್ಕೆ ಆ 30 ದಿನದಲ್ಲಿ ನಾಲ್ಕು ದಿನ ಬಾಕಿ ಇತ್ತು. ಆದ್ರೆ ಅವನಿಗೆ ಹಾಗೊಂದು ನಿಯಮ ಇರೋದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮಾರಿದವನ ಹತ್ರ ಕಾಗದ ಕೇಳಿದ. ಅವನು ನಂಬರ್ ಬ್ಲಾಕ್ ಮಾಡಿದ. ಕಾಗದ ಇಲ್ಲದ ಹಾವಿಗೆ ಎಲ್ಲಿಂದ ಬಂತು ಅನ್ನೋ ಜಾಗದಲ್ಲಿ ಏನು ತುಂಬೋದು? 2020ರಲ್ಲಿ ಕೇಂದ್ರ ಸರ್ಕಾರ ದಾಖಲೆ ಕೇಳದೆ ಸ್ವಯಂ ಘೋಷಣೆಗೆ ಅವಕಾಶ ಕೊಟ್ಟಿತ್ತು. ಆಗ ಅವನು ಹೈಸ್ಕೂಲು.

ಏನಾಗುತ್ತೆ ನೋಡಿ. ಮಾರಿದವನು ಕಾಣೆ, ಪ್ರಾಣಿ ಮಾತ್ರ ಕೊಂಡವನ ಮನೆಯಲ್ಲಿ. ಸಾಕ್ಷಿ, ಮುದ್ದೆಮಾಲು, ಆರೋಪಿ ಮೂರೂ ಒಂದೇ ಶೀಟಿನ ಕೆಳಗೆ. ಹೀಗಿರುವಾಗ ಹಾವು ತಿಂತಿಲ್ಲ ಅಂತ ಯಾರು ಬಾಯಿ ಬಿಡ್ತಾರೆ? 1962ಕ್ಕೆ ಫೋನ್ ಮಾಡಿದ್ರೆ ಹಸುವಿಗೆ ಮನೆ ಬಾಗಿಲಿಗೇ ಆಂಬುಲೆನ್ಸ್ ಬರುತ್ತೆ. ಹಾವಿಗೆ ಅಂತ ಕೇಳೋ ಧೈರ್ಯ ಯಾರಿಗೂ ಇಲ್ಲ. ತಾಲ್ಲೂಕಿನ ಪಶುವೈದ್ಯರಿಗೆ ದಿನವಿಡೀ ಸೀಮೆಹಸು, ಕುರಿ ನೋಡೋದ್ರಲ್ಲೇ ಸಮಯ ಆಗುತ್ತೆ, ಹಾವಿನ ಬಾಯಿ ತೆರೆದು ನೋಡೋ ತರಬೇತಿಯೂ ಸಲಕರಣೆಯೂ ಅವರಿಗೆ ಯಾರು ಕೊಟ್ಟಿದ್ದಾರೆ? ಅವರನ್ನ ದೂರೋದ್ರಲ್ಲಿ ಅರ್ಥ ಇಲ್ಲ.

ಬಾಯಿ ಬಿಡದೋನಿಗೆ ಉಳಿಯೋ ದಾರಿ ಎರಡೇ. ಒಂದು, ಹಾವು ಸಾಯೋವರೆಗೂ ಕಾದು ತೆಂಗಿನ ಬುಡಕ್ಕೆ ಹೂಳೋದು. ಇನ್ನೊಂದು, ರಾತ್ರಿ ಕೆರೆ ಏರಿ ಮೇಲೆ ಬಿಟ್ಟು ಬರೋದು. ನಮ್ಮ ಹುಡುಗನೂ ಇದನ್ನೇ ಯೋಚಿಸಿದ್ದ. "ಕೆರೆ ಹತ್ರ ಬಿಟ್ಟರೆ ಕಪ್ಪೆನಾದ್ರೂ ತಿನ್ಕೊಳ್ಳುತ್ತೆ ಅಲ್ವಾ" ಅಂದ.

ನನಗೆ ನಿಜವಾಗಲೂ ಭಯ ಆಗಿದ್ದು ಆ ಮಾತಿಗೆ. ಕಂದು ಮೈ, ಗುಂಡನೆ ಕಪ್ಪು ಮಚ್ಚೆ, ಗಿಡ್ಡ ದಪ್ಪ ಶರೀರ. ಈ ವಿವರಣೆಗೆ ನಮ್ಮ ತೋಟದಲ್ಲಿ ಇನ್ನೊಂದು ಹಾವು ಇದೆ: ಕೊಳಕುಮಂಡಲ. ಮೊದಲೇ ನಮ್ಮ ಜನ ಕೊಳಕುಮಂಡಲದ ಮರಿಯನ್ನ ಹೆಬ್ಬಾವಿನ ಮರಿ ಅಂದ್ಕೊಂಡು ಕೈ ಹಾಕಿ ಕಚ್ಚಿಸ್ಕೊಳ್ತಾರೆ. ಇನ್ನು ಊರಲ್ಲಿ "ಅದು ಸಾಕಿದ ಹಾವಂತೆ, ಏನೂ ಮಾಡಲ್ವಂತೆ" ಅನ್ನೋ ಸುದ್ದಿ ಹಬ್ಬಿದ್ರೆ? ಗರಿ ಎತ್ತೋ ಹೆಂಗಸರು, ಕಾಯಿ ಆಯೋ ಹುಡುಗರು ಮಂಡಲದ ಮರಿಯನ್ನ ಕೈಗೆ ತಗೊಂಡ್ರೆ? ಅದರ ಮರಿಗೂ ಹುಟ್ಟಿದಾಗಿಂದಲೇ ವಿಷ ಇರುತ್ತೆ. ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕು ಅಂತ 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೇ ಆದೇಶ ಮಾಡಿದೆ. ಸಮಸ್ಯೆ ಅಷ್ಟು ದೊಡ್ಡದು ಅಂತ ಸರ್ಕಾರಕ್ಕೂ ಗೊತ್ತಿದೆ.

ಇನ್ನೊಂದು ಕಡೆ, ಬಿಟ್ಟ ಹಾವಿನ ಮೈಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಅಮೆರಿಕದ ಫ್ಲೋರಿಡಾದಲ್ಲಿ ಜನ ಸಾಕಿ ಬಿಟ್ಟ ಬರ್ಮಾ ಹೆಬ್ಬಾವುಗಳು ಅಲ್ಲಿನ ಸಣ್ಣ ಪ್ರಾಣಿಗಳನ್ನ ತಿಂದು ಮುಗಿಸಿದ್ದು ಮಾತ್ರ ಅಲ್ಲ, ಅವುಗಳ ಶ್ವಾಸಕೋಶದ ಹುಳ ಅಲ್ಲಿನ ಸ್ಥಳೀಯ ಹಾವುಗಳಿಗೂ ಅಂಟಿತು. ನಮ್ಮ ಕೇರೆಹಾವು ಇಲ್ಲದಿದ್ರೆ ಕೊಬ್ಬರಿ ಅಟ್ಟ ಇಲಿಗಳ ಪಾಲು. ಅದನ್ನ ನೆನೆಸ್ಕೊಂಡಾದ್ರೂ ಬಿಡಬಾರದು.

ಇಲ್ಲಿನ ಹಾವನ್ನ ಹಿಡಿದು ಸಾಕೋರಿಗೂ ಒಂದು ಮಾತು. ಅದಕ್ಕೆ ನೋಂದಣಿಯೂ ಇಲ್ಲ, ಏನೂ ಇಲ್ಲ, ಪೂರ್ತಿ ಅಪರಾಧ. ನಮ್ಮ ಹೆಬ್ಬಾವು 1ನೇ ಅನುಸೂಚಿಯಲ್ಲಿದೆ. ಎರಡು ತಲೆ ಹಾವು ಅಂತ ಮಣ್ಣುಮುಕ್ಕ ಹಾವನ್ನ ಚೀಲದಲ್ಲಿಟ್ಟು, ತೂಕ ಬಂದ್ರೆ ಲಕ್ಷಗಟ್ಟಲೆ ಸಿಗುತ್ತೆ ಅಂತ ಗಿರಾಕಿ ಕಾಯೋರಿದ್ದಾರೆ. ಅದಕ್ಕಿರೋದು ಒಂದೇ ತಲೆ, ಲಕ್ಷ ಕೊಡೋ ಗಿರಾಕಿ ಬಹಳ ಸಲ ಮಫ್ತಿ ಪೊಲೀಸ್.

ಹಾಗಾದ್ರೆ ಏನಾಗಬೇಕು? ನನಗೆ ತೋಚಿದ್ದು ಇಷ್ಟು. ಹಾವನ್ನ ತಾನಾಗೇ ತಂದು ಒಪ್ಪಿಸೋನಿಗೂ, ಬ್ಯಾಗಿನಲ್ಲಿ ತುಂಬಿ ತಂದು ಮಾರೋನಿಗೂ ವ್ಯತ್ಯಾಸ ಇದೆ ಅಂತ ಅರಣ್ಯ ಇಲಾಖೆ ಬಾಯಿಬಿಟ್ಟು ಹೇಳಬೇಕು. ಬೆಂಗಳೂರಲ್ಲಿ ಅಲ್ಲ, ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ, ವಲಯ ಕಚೇರಿಯ ಬೋರ್ಡಿನ ಮೇಲೆ, ಕನ್ನಡದಲ್ಲಿ. 1926 ಸಹಾಯವಾಣಿಗೆ ಫೋನ್ ಮಾಡಿದೋನ ಮೇಲೆ ಮೊದಲು ಕೇಸೋ, ಮೊದಲು ಪ್ರಾಣಿಯ ಜೀವವೋ ಅನ್ನೋದು ಸ್ಪಷ್ಟ ಆಗಬೇಕು. ಜಿಲ್ಲೆಗೊಬ್ಬ ಪಶುವೈದ್ಯರಿಗಾದ್ರೂ ಸರೀಸೃಪಗಳ ತರಬೇತಿ ಕೊಡಿಸಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮಗೇನೂ ದೂರದ ಊರಲ್ಲ. ಮಾರೋನ ಕಡೆ ಹೋಗೋದಂತೂ ಇಲಾಖೆಗೆ ಕಷ್ಟ ಇಲ್ಲ. ಇನ್‌ಸ್ಟಾಗ್ರಾಂ ಪೇಜು, ಯುಪಿಐ ನಂಬರ್, ಬಸ್ಸಿನ ಪಾರ್ಸಲ್ ರಸೀದಿ ಮೂರೂ ಕೊಂಡವನ ಫೋನಿನಲ್ಲೇ ಇರ್ತವೆ. ಕೊಂಡವನನ್ನ ಹೆದರಿಸಿ ಬಾಯಿ ಮುಚ್ಚಿಸಿದ್ರೆ ಆ ರಸೀದಿಯೂ ಹೋಯ್ತು.

ಕೊಳ್ಳೋರಿಗೆ ನಾನು ಹೇಳೋದು, ಕೊಳ್ಳಬೇಡಿ. ಹೇಳಿದ ಮಾತ್ರಕ್ಕೆ ಯಾರೂ ಕೇಳಲ್ಲ ಅಂತಲೂ ಗೊತ್ತು. ಆದ್ರೂ ಒಂದು ಲೆಕ್ಕ ಹಾಕಿ: ಚೆನ್ನಾಗಿ ನೋಡ್ಕೊಂಡ್ರೆ ಈ ಹಾವು 20–30 ವರ್ಷ ಬದುಕುತ್ತೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆ ಇಟ್ಟಿತ್ತು. ಇವತ್ತು 19ರ ಹುಡುಗ ಕೊಂಡ ಮರಿ ಅವನ ಮದುವೆ, ಮಕ್ಕಳು, ಮನೆ ಕಟ್ಟೋ ಸಾಲ ಎಲ್ಲವನ್ನೂ ನೋಡುತ್ತೆ. ಅಷ್ಟೂ ವರ್ಷ ಇಲಿ ಬೇಕು.

ನಿಟ್ಟೂರಿನ ಮರಿಗೆ ಏನಾಯ್ತು ಅಂತ ಕೇಳ್ತೀರಿ. 28ನೇ ದಿನ ಡಬ್ಬಿ ಬದಲಾಯಿಸಿದ್ವಿ. ಒಂದು ವಾರ ಯಾರೂ ಮುಟ್ಟಲಿಲ್ಲ. 35ನೇ ದಿನ ರಾತ್ರಿ ಮೊದಲ ಸಲ ಇಲಿಮರಿ ತೋರಿಸಿದ್ರೆ ತಲೆ ಹಿಂದಕ್ಕೆ ಎಳ್ಕೊಂಡಿತು, ಅಷ್ಟೇ. ತೂಕ ಎರಡು ಗ್ರಾಂ ಇಳಿದಿತ್ತು. ಹುಡುಗ ಅತ್ತೇ ಬಿಟ್ಟ, ನಾಳೆನೇ ಬೆಂಗಳೂರಿಗೆ ಹೋಗೋಣ ಅಂದ. ಇನ್ನೊಂದು ಸಲ ನೋಡೋಣ ಅಂದ್ರು ವೈದ್ಯರು. 41ನೇ ದಿನ ರಾತ್ರಿ, ಕೋಳಿ ಪಿಳ್ಳೆ ವಾಸನೆ ಹಚ್ಚಿ, ಚಿಪ್ಪಿನ ಮುಂದೆ ಇಟ್ಟು, ಲೈಟ್ ಆರಿಸಿ ಎಲ್ಲರೂ ಹೊರಗೆ ಬಂದ್ವಿ. ಅಜ್ಜಿ ಒಬ್ಬರೇ ಬಾಗಿಲ ಸಂದಿಯಲ್ಲಿ ನಿಂತಿದ್ರು. ಬೆಳಿಗ್ಗೆ ಇಲಿಮರಿ ಇರಲಿಲ್ಲ. ಹಾವಿನ ಹೊಟ್ಟೆ ಮಧ್ಯದಲ್ಲಿ ಅಡಿಕೆ ಗಾತ್ರದ ಉಬ್ಬು.

ನೋಂದಣಿಯ 30 ದಿನ ಮಾತ್ರ ಆಗಲೇ ಮುಗಿದಿತ್ತು. ಹುಡುಗನ ಅಪ್ಪ ಈಗ ಒಂದು ಬಿಳಿ ಹಾಳೆಯಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೆಸಿದ್ದಾರೆ, ಪಾರ್ಸಲ್ ರಸೀದಿಯ ಜೆರಾಕ್ಸ್ ಜೊತೆಗೆ. ನಾಳೆ ಬೆಳಿಗ್ಗೆ ಅರಣ್ಯ ಇಲಾಖೆ ಕಚೇರಿಗೆ ಹೋಗೋಣ, ನೀನೂ ಬಾ ಅಂದಿದ್ದಾರೆ. ಹಾವನ್ನೂ ಡಬ್ಬಿ ಸಮೇತ ತಗೊಂಡು ಹೋಗಬೇಕಾ, ಬರೀ ಕಾಗದ ಸಾಕಾ ಅಂತ ಕೇಳಿದ್ರು. ಹಾವು ಮನೆಯಲ್ಲೇ ಇರಲಿ ಯಜಮಾನ್ರೇ, ತಿಂದು ಇನ್ನೂ ಎರಡು ದಿನ ಆಗಿಲ್ಲ, ಈಗ ಅಲ್ಲಾಡಿಸಿದ್ರೆ ಕಕ್ಕಿಬಿಡುತ್ತೆ ಅಂದೆ.